ಜಿಲ್ಲೆಗೆ ಬರದ ರೈಲು, ಅಟ್ಟದ ಮೇಲಿನ ಸುರಂಗ

ಪ್ರಶ್ನೆ: ಕೊಡಗಿಗೆ ರೈಲು ಬಂದಿಲ್ಲ, ಆದರೆ ನಮ್ಮನೆ ಅಟ್ಟದಲ್ಲಿ ಓಡುತ್ತಿದೆ! ಎಚ್‌ಒ ಅಳತೆಯ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿರುವ ಮಾದರಿ ರೈಲು. ಉಗಿ ಎಂಜಿನ್ ಕಾಲದ ಘಾಟಿ ಮಾಡುವ ಆಸೆ. ಆನ್‌ಲೈನಿನಲ್ಲಿ ತರಿಸಿದ ಸುರಂಗದ ಬಾಯಿ ಯಾವುದೋ ವಿದೇಶಿ ಕೋಟೆ ಬಾಗಿಲಿನ ಹಾಗಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯದ್ದನ್ನು ನೋಡಿ ಮಾಡಲಾ? ಹಳಿ ಮೇಲೆ ನಡೆದುಹೋಗಿ ಟೇಪ್ ಹಿಡಿಯೋಣ ಅಂತ ಗೆಳೆಯ ಹೇಳುತ್ತಿದ್ದಾನೆ.
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮೊದಲು ಗೆಳೆಯನನ್ನು ತಡೆಯಿರಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಜೋರು ಮಳೆಯಲ್ಲಿ ತಿರುವಿನಾಚೆ ಗೂಡ್ಸ್ ಗಾಡಿ ಬರುವುದು ಕೇಳಿಸುವುದೇ ಇಲ್ಲ.

ಇನ್ನು ಕಾಲದ ವಿಚಾರ. ಆ ಘಾಟಿಯಲ್ಲಿ 57 ಸುರಂಗಗಳಿವೆ ನಿಜ, ಆದರೆ ಬ್ರಿಟಿಷರ ಕಾಲದ್ದು ಒಂದೂ ಇಲ್ಲ. ಮೀಟರ್ ಗೇಜ್ ಮಾರ್ಗ ಪೂರ್ತಿಯಾಗಿದ್ದೇ 1979ರಲ್ಲಿ. ನಿಮಗೆ ಹಳೆಯದೇ ಬೇಕಾದರೆ ನಮಗೆ ಹತ್ತಿರದ್ದು ನೀಲಗಿರಿ ಮಾರ್ಗ. ಕೂನೂರಿನವರೆಗೆ 1899ರಲ್ಲಿ, ಊಟಿಗೆ 1908ರಲ್ಲಿ ರೈಲು ಬಂತು, 16 ಸುರಂಗಗಳಿವೆ. ಆದರೆ ಕಲ್ಲಾರಿನಿಂದ ಕೂನೂರಿಗೆ ಹತ್ತುವಾಗ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಅದನ್ನು ಮಾಡಹೊರಟರೆ ನಿಮ್ಮ ಅಟ್ಟ ಮುಗಿಯುವುದೇ ಇಲ್ಲ. ನನ್ನನ್ನು ಕೇಳಿದರೆ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ ಒಳ್ಳೇದು. 1880ರ ದಶಕದ ಕೆಲಸ, ದೂಧಸಾಗರ ಜಲಪಾತದ ದಾರಿ ಆದ್ದರಿಂದ ಫೋಟೊಗಳೂ ಜಾಸ್ತಿ ಸಿಗುತ್ತವೆ.

ಅಳತೆಗೆ ನಕ್ಷೆಯೇ ಬೇಕೆಂದೇನಿಲ್ಲ, ನೇರ ಎದುರಿನಿಂದ ತೆಗೆದ ಒಂದು ಫೋಟೊ ಸಾಕು. ಹಳಿಗಳ ಅಂತರವೇ ನಿಮ್ಮ ಸ್ಕೇಲು. ಬ್ರಾಡ್ ಗೇಜ್ ಅಂದರೆ 1676 ಮಿಲಿಮೀಟರ್. ಸುರಂಗದ ಬಾಯಿಯ ಹತ್ತಿರವೇ, ಮುಂದುಗಡೆ ದೊಡ್ಡದಾಗಿ ಕಾಣುವ ಹಳಿಯಲ್ಲಲ್ಲ, ಫೋಟೊದಲ್ಲಿ ಹಳಿಗಳ ನಡುವೆ 20 ಮಿಲಿಮೀಟರ್ ಬಂತು, ಬಾಯಿಯ ಅಗಲ 60 ಬಂತು ಅಂತಿಟ್ಟುಕೊಳ್ಳಿ. ಮೂರು ಪಟ್ಟು, ಅಂದರೆ ಸುಮಾರು 5 ಮೀಟರ್. 87ರಿಂದ ಭಾಗಿಸಿದರೆ ನಿಮ್ಮ ಅಟ್ಟದಲ್ಲಿ 58 ಮಿಲಿಮೀಟರ್. ಇಲ್ಲೇ ಎಲ್ಲರೂ ಎಡವುವುದು: ಕ್ಯಾಸಲ್‌ರಾಕ್ ಘಾಟಿ ಮೊದಲು ಮೀಟರ್ ಗೇಜ್ ಆಗಿತ್ತು, ಆದ್ದರಿಂದ ಉಗಿ ಕಾಲದ ಫೋಟೊ ಆದರೆ 1676 ಅಲ್ಲ, 1000 ಹಿಡಿಯಬೇಕು. ಇಲ್ಲದಿದ್ದರೆ ಸುರಂಗ ಒಂದೂಮುಕ್ಕಾಲು ಪಟ್ಟು ಹತ್ತಿರ ಊದಿಕೊಳ್ಳುತ್ತದೆ. ಹಾಗೇ ನಿಮ್ಮ 16.5 ಮಿಲಿಮೀಟರ್ ಹಳಿ ನಮ್ಮ ಬ್ರಾಡ್ ಗೇಜಿಗೂ ಸರಿಹೊಂದಲ್ಲ, ಲೆಕ್ಕ ಹಾಕಿದರೆ 19 ದಾಟಬೇಕು. ಅದನ್ನು ನೋಡಿಯೂ ನೋಡದ ಹಾಗೆ ಇರುವುದೇ ಒಳ್ಳೇದು ಬಿಡಿ.

ಕಲ್ಲಿನ ಮುಖ ಸುಮ್ನೆ ಅಲಂಕಾರ ಅಲ್ಲ, ಮೇಲಿನ ಸಡಿಲ ಮಣ್ಣು ಹಳಿ ಮೇಲೆ ಬೀಳದಂತೆ ತಡೆಯುವ ಗೋಡೆ. ಗಟ್ಟಿ ಬಂಡೆ ಇದ್ದ ಕಡೆ ಬಂಡೆ ಕೊರೆದು ಹಾಗೇ ಬಿಟ್ಟಿರುವುದೂ ಉಂಟು, ನಿಮಗೂ ಖರ್ಚು ಕಡಿಮೆ! ಬಣ್ಣಕ್ಕೆ ಮಾತ್ರ ಫೋಟೊ ನಂಬಬೇಡಿ. ಜುಲೈನಲ್ಲಿ ನಿಮ್ಮೂರ ರಸ್ತೆಯ ಯಾವುದಾದರೂ ಹಳೆಯ ಕಲ್ಲಿನ ಮೋರಿ ನೋಡಿ. ನೀರು ಒಸರುವ ಸಂದಿಯಿಂದ ಕೆಳಕ್ಕೆ ಪಾಚಿ ಒಂದು ಪಟ್ಟಿಯಾಗಿ ಇಳಿದಿರುತ್ತದೆ, ಪಕ್ಕದ ಕಲ್ಲು ಬೂದು ಬಣ್ಣದಲ್ಲೇ ಇರುತ್ತದೆ. ಕಮಾನಿನ ನೆತ್ತಿಯಲ್ಲಿ ಹೊಗೆಮಸಿ ಹಚ್ಚಿ, ಕೆಳಗಿಳಿದಂತೆ ತೆಳುಮಾಡಿ.

ಪ್ರಶ್ನೆ: ತಿರುವಿನಲ್ಲಿರುವ ನನ್ನ ಸುರಂಗದ ಬಾಯಿಗೆ ಬೋಗಿ ತಾಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಅಂಟಿಸುವ ಮೊದಲು ನೋಡಬೇಕಿತ್ತು ಅಲ್ವಾ? ಬಾಯಿಯನ್ನು ಕಿತ್ತು, ನಿಮ್ಮ ಹತ್ತಿರ ಇರುವ ಅತಿ ಉದ್ದದ ಬೋಗಿಗೆ ಎರಡು ಪೆನ್ಸಿಲ್ ಕಟ್ಟಿ. ಒಂದು ತಿರುವಿನ ಒಳಬದಿಗೆ ಬೋಗಿಯ ನಡುವೆ, ಇನ್ನೊಂದು ಹೊರಬದಿಗೆ ಅದರ ಮೂಲೆಯಲ್ಲಿ. ಕೈಯಲ್ಲೇ ನಿಧಾನ ತಳ್ಳಿ. ಹಲಗೆ ಮೇಲೆ ಮೂಡುವ ಎರಡು ಗೆರೆಗಳಿಂದ ಆಚೆ ಮೂರು ಮಿಲಿಮೀಟರ್ ಬಿಟ್ಟು ಗೋಡೆ ನಿಲ್ಲಿಸಿ.