ಹೋಂಸ್ಟೇ ಅತಿಥಿಗಳಿಗೆ ನಿಜವಾದ ದುಂಬಿಯ ಕೀ ಚೈನ್ ಕೊಡುವುದು ತಪ್ಪೇ?

ತೀರ್ಥಹಳ್ಳಿ ಕಡೆ ಹೋಂಸ್ಟೇ ತೆರೆಯುತ್ತಿದ್ದೀರಿ, ನಿಜವಾದ ದುಂಬಿ, ಚಿಟ್ಟೆಗಳನ್ನು ಗಾಜಿನಂತೆ ಗಟ್ಟಿಯಾಗುವ ರೆಸಿನ್ ಅಂಟಿನಲ್ಲಿ ಕೂರಿಸಿದ 200 ಕೀ ಚೈನ್‌ಗಳಿಗೆ ನಿಮ್ಮ ಹೆಸರು ಅಚ್ಚು ಹಾಕಿಸಿ ಅತಿಥಿಗಳಿಗೆ ಹಂಚುವ ಯೋಚನೆಯಲ್ಲಿದ್ದೀರಿ. "ಹೇಗೂ ಸತ್ತ ಹುಳು, ತಪ್ಪೇನು?" ಎಂಬುದು ನಿಮ್ಮ ಪ್ರಶ್ನೆ.

ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಮುಸ್ಸಂಜೆಯ ಹೊತ್ತಿಗೆ ಬೇರುಹುಳುವಿನ ದುಂಬಿಗಳು ಮಣ್ಣಿನಿಂದ ಮೇಲೇಳುತ್ತವೆ. ಮನೆಮಂದಿಯೆಲ್ಲ ಬ್ಯಾಟರಿ ಹಿಡಿದು ತೋಟಕ್ಕಿಳಿದು, ಹೆಕ್ಕಿ ಹೆಕ್ಕಿ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್‌ಗೆ ಹಾಕುತ್ತೇವೆ. ಬಿಟ್ಟರೆ ಅವುಗಳ ಮರಿಗಳಾದ ಗೊಣ್ಣೆಹುಳುಗಳು ಬೇರು ತಿಂದು, ಮರ ಹಳದಿ ತಿರುಗಿ, ಗಾಳಿಗೆ ಉರುಳುತ್ತದೆ. ಹುಳ ಕೊಂದರೆ ಪಾಪ ಎಂದು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ.

ಆದರೂ ಒಮ್ಮೆ ಕೀಟನಾಶಕ ಕಂಪನಿಯೊಂದು ರೈತರ ಸಭೆಯಲ್ಲಿ ಇಂಥದ್ದೇ ಕೀ ಚೈನ್ ಹಂಚಿದಾಗ ಕಸಿವಿಸಿಯಾಯಿತು. (ಹುಳ ಕೊಲ್ಲುವವರ ಉಡುಗೊರೆ ಬೇರೆ ಹೇಗಿದ್ದೀತು ಎಂದು ಪಕ್ಕದಲ್ಲಿದ್ದವರು ನಕ್ಕರು.) ಒಳಗೆ ಹಸಿರಾಗಿ ಮಿರುಗುವ ದುಂಬಿ. ಬಕೆಟ್‌ನ ದುಂಬಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಬಕೆಟ್‌ನದು ಬದುಕಿದ್ದರೆ ನನ್ನ ಮರ ಹೋಗುತ್ತಿತ್ತು. ಇದು ಬದುಕಿದ್ದರೆ ಕಂಪನಿಯವರು ಒಂದು ಪೆನ್ನು ಕೊಡುತ್ತಿದ್ದರು, ಅಷ್ಟೇ.

ತಾನಾಗಿ ಸತ್ತವನ್ನೇ ಆರಿಸಿದ್ದು ಎಂದು ಮಾರುವವರು ಹೇಳಿದರಂತಲ್ಲ, ಅದನ್ನು ನಂಬಬೇಡಿ. ನಿಮ್ಮದೇ ಜಗುಲಿಯ ದೀಪದ ಕೆಳಗೆ ನೋಡಿ. ರಾತ್ರಿ ಬಿದ್ದ ದುಂಬಿಗೆ ಬೆಳಗಾಗುವುದರೊಳಗೆ ಇರುವೆ ಮುತ್ತಿರುತ್ತದೆ. ಉಳಿದದ್ದಕ್ಕೂ ಕಾಲೋ ಕುಡಿಮೀಸೆಯೋ ಮುರಿದಿರುತ್ತದೆ. ಆಯುಸ್ಸು ಮುಗಿದ ಚಿಟ್ಟೆಯ ರೆಕ್ಕೆ ಅಂಚು ಹರಿದು, ಪುಡಿ ಉದುರಿ, ಬಣ್ಣ ಮಾಸಿರುತ್ತದೆ. ಒಂದೇ ಅಳತೆಯ, ಎಲ್ಲೂ ಮುಕ್ಕಾಗದ 200 ಹುಳುಗಳು ಬೇಕೆಂದರೆ ಯಾರೋ ಕೂತು ಕೊಲ್ಲಬೇಕು. ರೆಕ್ಕೆಯ ಪುಡಿಯೂ ಅಳಿಯದ ಚಿಟ್ಟೆ ಬೇಕೆಂದರೆ ಅದು ಕೋಶ ಒಡೆದು ಹೊರಬಂದ ಕೂಡಲೇ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳಿಗೆ ಮಾತ್ರವಲ್ಲ, ಅದರ ಪಟ್ಟಿಗಳಲ್ಲಿ ಚಿಟ್ಟೆಗಳೂ ಇವೆ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಲಾಕೆಟ್ ಧರಿಸಿ ಟಿವಿಯಲ್ಲಿ ಕಾಣಿಸಿಕೊಂಡವರೊಬ್ಬರ ಬಂಧನವಾದಾಗ ನಮ್ಮೂರಲ್ಲೂ ಕೆಲವರು ಅಜ್ಜನ ಪೆಟ್ಟಿಗೆ ತಡಕಾಡಿದ್ದರು. ನಿಮ್ಮ ಕೀ ಚೈನ್‌ನಲ್ಲಿರುವುದು ಯಾವ ಚಿಟ್ಟೆ, ಎಲ್ಲಿಂದ ಬಂದದ್ದು ಎಂದು ಅರಣ್ಯ ಇಲಾಖೆಯವರು ಕೇಳಿದರೆ ತೋರಿಸಲು ನಿಮ್ಮ ಬಳಿ ಕಾಗದವಿದೆಯೇ?

ಚಿಟ್ಟೆಯೇ ಬೇಕೆಂದರೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಅದರ ಮೇಲೆ. ಅಂಗೈಯಗಲದ ಆ ಹಳದಿ, ಕಪ್ಪು ರೆಕ್ಕೆ ಒಮ್ಮೆ ಅಂಗಳ ದಾಟಿದರೆ ಅತಿಥಿಗಳು ಕಾಫಿ ಲೋಟ ಅಲ್ಲೇ ಬಿಟ್ಟು ಮೊಬೈಲ್ ಹಿಡಿದು ಓಡುತ್ತಾರೆ. ಕೈಗೇ ಏನಾದರೂ ಕೊಡಬೇಕೆಂದರೆ ಹಸೆ ಚಿತ್ತಾರ ಬರೆಯುವವರು ನಮ್ಮ ಸಾಗರದ ಸುತ್ತ ಇದ್ದಾರೆ, ಆದರೆ 200 ಜನರಿಗೆ ದುಬಾರಿಯಾದೀತು. ಸಣ್ಣ ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಮುಚ್ಚಳದ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ. ಕೀ ಚೈನ್‌ಗೆ ಮುಂಗಡ ಕೊಟ್ಟಾಗಿದ್ದರೆ ಹೋಗಲಿ, ಆ ಹಣ ಬಿಟ್ಟುಬಿಡಿ.