ಕಣ್ಣೀರಿನ ಕಥೆಗೆ ಎಂ.ಎಸ್.ಡಬ್ಲ್ಯೂ ಸೀಟು ಸಿಗುತ್ತದೆಯೇ?

ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಎಸ್.ಡಬ್ಲ್ಯೂಗೆ, ಅರ್ಜಿ ಹಾಕುವ ಕಾಲ ಬಂತೆಂದರೆ ಪ್ರಶ್ನೆಗಳೂ ಬರುತ್ತವೆ, ಪ್ರತಿ ಸಲವೂ ಅವೇ. ಫಾರಂ ಎಲ್ಲಿ ಸಿಗುತ್ತದೆ, ಫೋಟೊ ಎಷ್ಟು ಕೆಬಿ ಇರಬೇಕು, ಯಾವ ಅಂಕಪಟ್ಟಿ ಲಗತ್ತಿಸಬೇಕು ಎಂಬುದಕ್ಕೆಲ್ಲ ಇಲ್ಲಿ ಉತ್ತರವಿಲ್ಲ. ಪ್ರವೇಶ ಸೂಚನೆಯಲ್ಲಿ ಬರೆದಿರುತ್ತದೆ, ಓದಿಕೊಳ್ಳಿ. ನಾಲ್ಕು ಪುಟದ ಸೂಚನೆ ಓದಲು ಬೇಸರಪಡುವವರು ನಾಳೆ ಸರ್ಕಾರಿ ಆದೇಶ ಓದಿ ಇನ್ನೊಬ್ಬರಿಗೆ ಪಿಂಚಣಿ ಹೇಗೆ ಕೊಡಿಸುತ್ತಾರೋ ಕಾಣೆ. ಈ ಬಾರಿ ಒಂದು ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ತಂದೆಗೆ ಕುಡಿತದ ಚಟವಿತ್ತು, ಬಾಲ್ಯವೆಲ್ಲ ಕಷ್ಟದಲ್ಲೇ ಕಳೆಯಿತು. ಈ ಕೋರ್ಸ್ ಏಕೆ ಬೇಕೆಂದು ಅರ್ಜಿಯ ಜೊತೆ ಬರೆದುಕೊಡುವ ಉದ್ದೇಶಪತ್ರದಲ್ಲಿ ಇದನ್ನು ಎಷ್ಟು ಬರೆಯಬೇಕು? ಓದಿದವರ ಮನಸ್ಸು ಕರಗುವಂತೆ ಬರೆದರೆ ಆಯ್ಕೆಯಾಗುತ್ತದೆ ಎಂದು ಹೇಳುತ್ತಾರೆ. ಒಂದು ಮಾದರಿ ಪತ್ರ ಕೊಡುತ್ತೀರಾ?

ಮಾದರಿ ಪತ್ರ ಕೊಡುವುದಿಲ್ಲ. ಕೊಟ್ಟರೆ ಮುಂದಿನ ವರ್ಷ ಅದೇ ತಂದೆ, ಅದೇ ಕುಡಿತ, ಅದೇ ಕಣ್ಣೀರು ನೂರು ಅರ್ಜಿಗಳಲ್ಲಿ ಬಂದು ಕೂರುತ್ತವೆ.

ಪತ್ರ ಓದುವವರು ಏನನ್ನು ಹುಡುಕುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಈ ಕೋರ್ಸಿನಲ್ಲಿ ತರಗತಿಯಷ್ಟೇ ಭಾರ ಕ್ಷೇತ್ರಕಾರ್ಯಕ್ಕೂ, ಅಂದರೆ ಸಂಸ್ಥೆಯೊಂದರಲ್ಲಿ ಜನರ ನಡುವೆ ಕೆಲಸ ಮಾಡಿ ಕಲಿಯುವುದಕ್ಕೂ, ಇದೆ. ಅಮೆರಿಕದಲ್ಲಿ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನ್ಯತೆ ಇರುವ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ಬೇರೆ ಕಡೆ ಗಂಟೆಗಳ ಲೆಕ್ಕ ಬೇರೆ ಇರಬಹುದು, ಕ್ರಮ ಅದೇ. ಸೇರಿದ ಕೆಲವೇ ವಾರಗಳಲ್ಲಿ ನಿಮ್ಮನ್ನು ಒಂದು ಆಸ್ಪತ್ರೆಗೋ ಮಕ್ಕಳ ಆಶ್ರಯಧಾಮಕ್ಕೋ ಕಳುಹಿಸಬೇಕಾಗುತ್ತದೆ. ಅಲ್ಲಿ ಕುಡಿದು ಬಂದ ತಂದೆಯೊಬ್ಬ ನಿಮ್ಮೆದುರು ಕೂತಿರುತ್ತಾನೆ. ‘ಇವರನ್ನು ಆ ತಂದೆಯ ಎದುರು ಕೂರಿಸಬಹುದೇ?’ ಆಯ್ಕೆ ಸಮಿತಿಯ ತಲೆಯಲ್ಲಿ ಇರುವ ಪ್ರಶ್ನೆ ಇದೊಂದೇ. ನೀವು ಎಷ್ಟು ನೊಂದಿದ್ದೀರಿ ಎಂಬುದಕ್ಕೆ ಅಂಕವಿಲ್ಲ. ಆ ನೋವು ಈಗ ಯಾರ ಕೈಯಲ್ಲಿದೆ, ನೀವು ಅದನ್ನು ಆಳುತ್ತಿದ್ದೀರೋ ಅದು ನಿಮ್ಮನ್ನು ಆಳುತ್ತಿದೆಯೋ, ಅದನ್ನು ನೋಡುತ್ತಾರೆ.

ಹಾಗೆಂದು ಸ್ವಂತ ಬದುಕನ್ನು ಬರೆಯಲೇಬಾರದು ಎಂದಲ್ಲ. ಬರೆಯುವ ಮುನ್ನ ಹೀಗೆ ಪರೀಕ್ಷಿಸಿಕೊಳ್ಳಿ. ಈ ವಿಷಯವನ್ನು ಗುರುತೇ ಇಲ್ಲದ ಮೂವರ ಮುಂದೆ ಗಂಟಲು ಕಟ್ಟದಂತೆ ಎರಡು ನಿಮಿಷ ಮಾತಾಡಬಲ್ಲಿರಾ? ಪತ್ರದಲ್ಲಿ ಬರೆದದ್ದನ್ನು ಸಂದರ್ಶನದಲ್ಲಿ ಖಂಡಿತ ಕೇಳುತ್ತಾರೆ, ಕೇಳಿದಾಗ ಅತ್ತುಬಿಟ್ಟರೆ ತಪ್ಪು ನಿಮ್ಮದಲ್ಲ, ಆದರೆ ಸಮಿತಿಗೆ ಉತ್ತರ ಸಿಕ್ಕಿಬಿಡುತ್ತದೆ. ಎರಡನೆಯದು, ಆ ಘಟನೆಯ ವಾಕ್ಯದ ನಂತರ ಬರುವ ವಾಕ್ಯ ಯಾವುದು? ಮತ್ತೊಂದು ನೋವೇ ಆಗಿದ್ದರೆ ಹೊಡೆದು ಹಾಕಿ. ನೀವು ಮಾಡಿದ ಕೆಲಸವೋ, ಬದಲಾದ ತಿಳಿವಳಿಕೆಯೋ ಆಗಿದ್ದರೆ ಇಟ್ಟುಕೊಳ್ಳಿ. ಮೂರನೆಯದನ್ನು ಬಹುತೇಕರು ಯೋಚಿಸುವುದೇ ಇಲ್ಲ: ಇದು ನಿಮ್ಮೊಬ್ಬರ ಗುಟ್ಟೇ? ತಂದೆಯ ಚಟ, ಅಕ್ಕನ ವಿಚ್ಛೇದನ, ತಮ್ಮನ ಕಾಯಿಲೆ ಎಲ್ಲವೂ ಅವರವು ಕೂಡ. ಮನೆಯವರ ಗುಟ್ಟನ್ನು ಸೀಟಿಗಾಗಿ ಬಿಚ್ಚಿಡುವವರು ನೆರವು ಕೇಳಿ ಬಂದ ಸೇವಾರ್ಥಿಯ ಗುಟ್ಟು ಕಾಯುತ್ತಾರೆಂದು ನಂಬುವುದು ಹೇಗೆ?

ಘಟನೆ ನಡೆದು ಇನ್ನೂ ವರ್ಷ ತುಂಬಿಲ್ಲವೆಂದರೆ ಈ ಸಲ ಬಿಟ್ಟುಬಿಡಿ. ಇದು ನಿಯಮವಲ್ಲ, ನನ್ನ ಎಚ್ಚರಿಕೆ. ಹಸಿ ಗಾಯದ ಮೇಲೆ ಬರೆದ ಪತ್ರ ಬರೆದವರಿಗೇ ಆರು ತಿಂಗಳ ಮೇಲೆ ಮುಜುಗರ ತರುತ್ತದೆ.

ಅಳತೆಗೆ ಬರೋಣ. ಸಾಮಾನ್ಯವಾಗಿ ಎರಡು ಪುಟ, ಅಂದರೆ ಸುಮಾರು 1000 ಪದಗಳ ಪತ್ರ ಎಂದಿಟ್ಟುಕೊಳ್ಳಿ. ಸ್ವಂತ ಹಿನ್ನೆಲೆಗೆ 150 ಪದ ಸಾಕು, ಅದೂ ಮೊದಲ ಪ್ಯಾರಾದಲ್ಲಿ ಬೇಡ. ಮೊದಲ ಪ್ಯಾರಾದಲ್ಲಿ ನೀವು ಮಾಡಿದ ಒಂದು ಕೆಲಸ ಇರಲಿ. ಒಂದು ಅಥವಾ ಎರಡು ಅನುಭವಗಳಿಗೆ 450ರಿಂದ 500 ಪದ ಕೊಡಿ. ಯಾವ ಸಾಮಾಜಿಕ ಸಮಸ್ಯೆಯ ಮೇಲೆ ಕೆಲಸ ಮಾಡಬೇಕೆಂದಿದ್ದೀರಿ, ಅದನ್ನು ಹೇಗೆ ಅರ್ಥಮಾಡಿಕೊಂಡಿದ್ದೀರಿ ಎಂಬುದಕ್ಕೆ 200. ಇದೇ ಸಂಸ್ಥೆ ಏಕೆ ಎಂಬುದಕ್ಕೆ ಉಳಿದದ್ದು. ಸಂಸ್ಥೆ 500 ಪದ ಎಂದಿದ್ದರೆ ಇದೇ ಪ್ರಮಾಣದಲ್ಲಿ ಅರ್ಧ ಮಾಡಿ. 501ನೇ ಪದ ಬರೆಯಬೇಡಿ.

ನಿಮ್ಮಂಥವರ ಪತ್ರದಲ್ಲಿ ಸಾಮಾನ್ಯವಾಗಿ ಇರುವ ವಾಕ್ಯ ಇದು: ‘ತಂದೆಯ ಕುಡಿತದಿಂದ ನಾನು ನರಕ ಅನುಭವಿಸಿದೆ; ಆದ್ದರಿಂದ ಕುಡುಕರ ಮಕ್ಕಳನ್ನೆಲ್ಲ ರಕ್ಷಿಸುವುದೇ ನನ್ನ ಜೀವನದ ಗುರಿ.’ ಇದನ್ನು ಓದಿದವರಿಗೆ ಕಾಣುವುದು ಅಪಾಯ. ನಾಳೆ ಎದುರಿನ ಕುರ್ಚಿಯಲ್ಲಿ ಕೂತ ಪ್ರತಿ ತಂದೆಯಲ್ಲೂ ಇವರಿಗೆ ತಮ್ಮ ತಂದೆಯೇ ಕಾಣುತ್ತಾನೆ, ಎದುರಿಗಿರುವ ಮನುಷ್ಯ ಕಾಣುವುದಿಲ್ಲ ಎಂಬ ಅನುಮಾನ ಬರುತ್ತದೆ. ಅದೇ ಬದುಕನ್ನು ಹೀಗೂ ಬರೆಯಬಹುದು: ‘ಕುಡಿತದ ಸಮಸ್ಯೆ ಇದ್ದ ಮನೆಯಲ್ಲಿ ಬೆಳೆದೆ. ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಎಂಟು ತಿಂಗಳು, ವಾರಕ್ಕೆ ಎರಡು ಸಂಜೆ, ಕುಟುಂಬ ಸಭೆಗಳ ಟಿಪ್ಪಣಿ ಬರೆಯುತ್ತಿದ್ದೆ. ಹೆಂಡತಿ ಮಕ್ಕಳ ಮಾತು ನನ್ನ ಟಿಪ್ಪಣಿಯಲ್ಲಿ ಪೂರ್ತಿ ಇರುತ್ತಿತ್ತು, ರೋಗಿಯ ಮಾತು ಒಂದೆರಡು ಸಾಲಿನಲ್ಲಿ ಮುಗಿಯುತ್ತಿತ್ತು ಎಂದು ಮೇಲ್ವಿಚಾರಕರು ತೋರಿಸಿದರು. ನಾನು ಯಾರ ಪಕ್ಷದಲ್ಲಿ ಕೂತಿದ್ದೇನೆಂದು ಅಂದು ತಿಳಿಯಿತು. ಆಮೇಲೆ ಇಬ್ಬರ ಮಾತನ್ನೂ ಅವರವರ ಪದಗಳಲ್ಲೇ ಬರೆಯುವುದನ್ನು ರೂಢಿಸಿಕೊಂಡೆ.’ ಇದನ್ನು ನಕಲು ಮಾಡಲು ಕೊಟ್ಟಿಲ್ಲ. ಕಣ್ಣೀರು ಎಲ್ಲಿಯೂ ಇಲ್ಲ, ತಂದೆಯನ್ನು ಬೈದಿಲ್ಲ, ತಪ್ಪು ಒಪ್ಪಿಕೊಂಡಿದೆ, ತಿದ್ದಿಕೊಂಡದ್ದೂ ಇದೆ, ಗಮನಿಸಿ.

ಅನುಭವ ಬರೆಯುವಾಗ ಲೆಕ್ಕ ಬೇಕು. ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಎಷ್ಟು ಜನರೊಂದಿಗೆ, ನಿಮ್ಮ ಕೈಯಲ್ಲಿದ್ದ ಕೆಲಸ ನಿಖರವಾಗಿ ಯಾವುದು, ಯಾರ ಮೇಲ್ವಿಚಾರಣೆಯಲ್ಲಿ. ‘ಬಡಮಕ್ಕಳಿಗಾಗಿ ಶ್ರಮಿಸಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಶಾಲೆ ಬಿಟ್ಟ 14 ಮಕ್ಕಳ ಮನೆಗೆ ಹೋಗಿ ಕಾರಣ ಬರೆದುಕೊಂಡೆ, ಒಂಬತ್ತು ಮನೆಗಳಲ್ಲಿ ಅಕ್ಕನೇ ತಮ್ಮನನ್ನು ನೋಡಿಕೊಳ್ಳಲು ಉಳಿದಿದ್ದಳು’ ಎಂದಾಗ ಒಬ್ಬ ಕೆಲಸಗಾರ ಕಾಣುತ್ತಾನೆ. ಸಮಸ್ಯೆಯ ಪ್ಯಾರಾಕ್ಕೂ ದಾರಿ ಇಲ್ಲಿಂದಲೇ ಸಿಗುತ್ತದೆ. ಒಂಬತ್ತು ಅಕ್ಕಂದಿರು ಮನೆಯಲ್ಲಿ ಉಳಿದರೆ ಅದು ಒಂಬತ್ತು ತಾಯಂದಿರ ಅಸಡ್ಡೆಯಲ್ಲ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿರುವುದು. ವ್ಯಕ್ತಿಯಿಂದ ವ್ಯವಸ್ಥೆಗೆ ಹೀಗೆ ಹೆಜ್ಜೆ ಇಡಬಲ್ಲವರನ್ನೇ ಈ ಶಿಸ್ತು ಹುಡುಕುವುದು. ಅಂತಾರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟ 2014ರಲ್ಲಿ ಒಪ್ಪಿದ ಜಾಗತಿಕ ವ್ಯಾಖ್ಯಾನವನ್ನು ಓದಿ ನೋಡಿ. ಸಾಮಾಜಿಕ ಬದಲಾವಣೆ, ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಬಲೀಕರಣ ಎಲ್ಲ ಇವೆ. ಕನಿಕರ ಎಂಬ ಪದ ಅಲ್ಲಿಲ್ಲ. ಅದಕ್ಕೇ ‘ದನಿಯಿಲ್ಲದವರಿಗೆ ದನಿಯಾಗುವೆ’, ‘ದೀನದಲಿತರನ್ನು ಉದ್ಧರಿಸುವೆ’ ಎಂಬ ಸಾಲುಗಳನ್ನು ಕಂಡರೆ ರೇಗುತ್ತದೆ. ಜನರಿಗೆ ದನಿ ಇದೆ ಸ್ವಾಮಿ, ಕೇಳುವವರಿಲ್ಲ ಅಷ್ಟೆ.

ಹೆಸರು ಬದಲಿಸಿದರೆ ಗೌಪ್ಯತೆ ಉಳಿಯಿತು ಎಂದುಕೊಳ್ಳಬೇಡಿ. ವಯಸ್ಸು, ಊರು, ಕಾಯಿಲೆ, ಸಂಸ್ಥೆ ನಾಲ್ಕನ್ನೂ ಬರೆದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ. ಒಬ್ಬರ ಬಗ್ಗೆ ಬರೆಯುವಾಗ ಇವುಗಳಲ್ಲಿ ಎರಡನ್ನಾದರೂ ಬಿಡಿ. ಮಕ್ಕಳ ಜೊತೆ ತೆಗೆಸಿಕೊಂಡ ಫೋಟೊ ಲಗತ್ತಿಸುವವರಿದ್ದಾರೆ. ಅದು ಅರ್ಜಿಗೆ ತೂಕ ತರುವುದಿಲ್ಲ, ಅರ್ಜಿಯನ್ನೇ ಮುಳುಗಿಸುತ್ತದೆ.

ನಿಮಗೇ ಮಾನಸಿಕ ಚಿಕಿತ್ಸೆ ನಡೆದಿದ್ದರೆ ಪತ್ರದಲ್ಲಿ ಕಾಯಿಲೆಯ ಹೆಸರು, ಮಾತ್ರೆ, ಆಸ್ಪತ್ರೆಯ ದಿನಗಳ ವಿವರ ಬೇಡ. ನಾಚಿಕೆಪಡುವ ವಿಷಯ ಎಂದು ಹೇಳುತ್ತಿಲ್ಲ. ಆ ಮಾಹಿತಿ ಅಲ್ಲಿ ಯಾರ ಯಾರ ಕೈ ದಾಟುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಪರೀಕ್ಷೆಯಲ್ಲೋ ಕ್ಷೇತ್ರಕಾರ್ಯದಲ್ಲೋ ಅನುಕೂಲತೆ ಬೇಕಿದ್ದರೆ ಅದಕ್ಕೆ ಬೇರೆ ವಿಭಾಗವಿರುತ್ತದೆ, ಪ್ರವೇಶ ಸಿಕ್ಕ ಮೇಲೆ ಅಲ್ಲಿ ಕೇಳಿ.

‘ಇದೇ ಸಂಸ್ಥೆ ಏಕೆ’ ಎಂಬ ಭಾಗಕ್ಕೆ ಸುಲಭದ ಪರೀಕ್ಷೆ ಇದೆ. ಸಂಸ್ಥೆಯ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಇನ್ನೊಂದು ಸಂಸ್ಥೆಗೂ ಹೊಂದುತ್ತದೆ ಎಂದಾದರೆ ಪ್ಯಾರಾ ವ್ಯರ್ಥ. ‘ಹೆಸರಾಂತ’, ‘ನುರಿತ ಅಧ್ಯಾಪಕ ವೃಂದ’ ಎಲ್ಲ ಹೊಗಳಿಕೆ, ಕಾರಣವಲ್ಲ. ಅಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ವಿಶೇಷ ಅಧ್ಯಯನ ಇದೆಯೇ, ಸಮುದಾಯ ಸಂಘಟನೆಗೆ ಒತ್ತಿದೆಯೇ, ಯಾವ ಬಗೆಯ ಸಂಸ್ಥೆಗಳಿಗೆ ವಿದ್ಯಾರ್ಥಿಗಳನ್ನು ಕಳುಹಿಸುತ್ತಾರೆ ಎಂದು ಪಠ್ಯಕ್ರಮ ನೋಡಿ ಬರೆಯಿರಿ. ಕಳುಹಿಸುವ ಮುನ್ನ ಹೆಸರನ್ನು ಇನ್ನೊಮ್ಮೆ ನೋಡಿ. ಐದು ಕಡೆ ಅರ್ಜಿ ಹಾಕುವವರು ಒಂದು ಸಂಸ್ಥೆಯ ಹೆಸರಿನಲ್ಲಿ ಇನ್ನೊಂದಕ್ಕೆ ಪತ್ರ ಕಳುಹಿಸುವುದು ಮಾಮೂಲು.

ಕೊನೆಯ ದಿನಕ್ಕೆ ಹತ್ತು ವಾರ ಮೊದಲೇ ಕೂರಿ. ಮೊದಲ ಕರಡು ಬರೆದು ಒಂದು ವಾರ ಮುಚ್ಚಿಡಿ. ನಂತರ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆಯೆಲ್ಲ ವಾಕ್ಯ ಒಡೆಯಿರಿ. ಇಬ್ಬರಿಗೆ ತೋರಿಸಿ: ಒಬ್ಬರು ಈ ಕ್ಷೇತ್ರದವರು, ಇನ್ನೊಬ್ಬರು ಇದರ ಗಂಧಗಾಳಿ ಇಲ್ಲದವರು. ಎರಡನೆಯವರನ್ನು ‘ಹೇಗಿದೆ’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎನ್ನುತ್ತಾರೆ. ‘ನಾನು ಏನು ಕೆಲಸ ಮಾಡಿದ್ದೇನೆ ಅಂತ ಗೊತ್ತಾಯಿತು?’ ಎಂದು ಕೇಳಿ. ಹೇಳಲು ತಡವರಿಸಿದರೆ ಇನ್ನೊಂದು ಕರಡು ಬರೆಯಿರಿ.

ಪ್ರಶ್ನೆ: ಪತ್ರ ಬರೆದುಕೊಟ್ಟು ಸೀಟು ಗ್ಯಾರಂಟಿ ಮಾಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಯವರನ್ನು ನಂಬಬಹುದೇ?

ಬೇಡ. ಸೀಟು ಕೊಡುವ ಅಧಿಕಾರ ಅವರಿಗಿಲ್ಲ, ನಿಮ್ಮ ದುಡ್ಡು ತೆಗೆದುಕೊಳ್ಳುವುದಷ್ಟೇ ಅವರ ಕೈಯಲ್ಲಿರುವುದು. ಸಿಕ್ಕಿದವರ ಹೆಸರು ತೋರಿಸಿ ತಮ್ಮಿಂದಲೇ ಸಿಕ್ಕಿತು ಎನ್ನುತ್ತಾರೆ, ಸಿಗದವರ ಪಟ್ಟಿ ತೋರಿಸುವುದಿಲ್ಲ. ಒಂದೇ ಕೈಯ ಪತ್ರಗಳು ಒಂದೇ ಮೇಜಿಗೆ ಬಂದಾಗ ಮೂರನೆಯದರಲ್ಲೇ ಗುರುತು ಸಿಗುತ್ತದೆ. ಕಂಪ್ಯೂಟರ್ ಬರೆದುಕೊಟ್ಟ ಪತ್ರಕ್ಕೂ ಇದೇ ಮಾತು: ನುಣುಪಾಗಿರುತ್ತದೆ, ಒಳಗೆ ಒಬ್ಬ ಮನುಷ್ಯನೂ ಇರುವುದಿಲ್ಲ. ಕೆಲವು ಕಡೆ ಸಂದರ್ಶನದ ದಿನವೇ ಕೂರಿಸಿ ಬರೆಸುತ್ತಾರೆ, ಗುಂಪು ಚರ್ಚೆ ಇಡುತ್ತಾರೆ. ಅಲ್ಲಿ ಬಾಡಿಗೆ ಭಾಷೆ ಕೈಕೊಡುತ್ತದೆ.

ಪ್ರಶ್ನೆ: ನಮಗೆ ಗೊತ್ತಿರುವ ಶಾಸಕರು ಶಿಫಾರಸು ಪತ್ರ ಕೊಡುತ್ತಾರೆ. ಹೆಚ್ಚು ತೂಕ ಬರುತ್ತದಲ್ಲವೇ?

ಬರುವುದಿಲ್ಲ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರ ಪತ್ರ ಬೇಕು: ಪಾಠ ಹೇಳಿದವರೊಬ್ಬರು, ಕೆಲಸದ ಮೇಲ್ವಿಚಾರಕರೊಬ್ಬರು. ಕನಿಷ್ಠ ಆರು ವಾರ ಮೊದಲು ಕೇಳಿ. ನಿಮ್ಮ ಸ್ವವಿವರ, ಉದ್ದೇಶಪತ್ರದ ಕರಡು, ಅವರ ಎದುರು ನೀವು ಮಾಡಿದ ಎರಡು ಕೆಲಸಗಳ ನೆನಪು, ಕೊನೆಯ ದಿನಾಂಕ, ಇಷ್ಟನ್ನು ಒಂದೇ ಮೇಲ್‌ನಲ್ಲಿ ಕೊಡಿ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದರೆ ಧನ್ಯವಾದ ಹೇಳಿ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಸಮಾಜಶಾಸ್ತ್ರ, ಸಮಾಜಕಾರ್ಯ, ಸಮಾಜಸೇವೆ ಎಲ್ಲ ಒಂದೇ ತಾನೆ?

ಅಲ್ಲ. ಮೊದಲನೆಯದು ಸಮಾಜವನ್ನು ಅಧ್ಯಯನ ಮಾಡುವ ಶಾಸ್ತ್ರ, ಎರಡನೆಯದು ತರಬೇತಿ ಬೇಡುವ ವೃತ್ತಿ, ಮೂರನೆಯದನ್ನು ಯಾರು ಬೇಕಾದರೂ ಭಾನುವಾರ ಮಾಡಬಹುದು.

ಪ್ರಶ್ನೆ: ಹನ್ನೆರಡು ಸಂಸ್ಥೆಗಳ ಸ್ವಯಂಸೇವಕ ಪ್ರಮಾಣಪತ್ರಗಳಿವೆ. ಎಲ್ಲವನ್ನೂ ಲಗತ್ತಿಸಲೇ?

ಹನ್ನೆರಡು ಕಡೆ ಒಂದೊಂದು ದಿನಕ್ಕಿಂತ ಒಂದೇ ಕಡೆ ಆರು ತಿಂಗಳು ಮೇಲು.

ಪ್ರಶ್ನೆ: ಪದವಿಯಲ್ಲಿ ಅಂಕ ಕಡಿಮೆ. ಪತ್ರದಲ್ಲಿ ಕಾರಣ ಬರೆಯಬೇಕೇ?

ಮೂರು ವಾಕ್ಯ, ಸಾಧ್ಯವಾದರೆ ಬೇರೆ ಹಾಳೆಯಲ್ಲಿ: ಏನಾಯಿತು, ಯಾವ ಸೆಮಿಸ್ಟರ್, ನಂತರ ಅಂಕ ಹೇಗೆ ಸುಧಾರಿಸಿತು. ಮೌಲ್ಯಮಾಪಕರನ್ನು ದೂರಬೇಡಿ.

ಪ್ರಶ್ನೆ: ನನಗೆ ಗಣಿತ ಬರುವುದಿಲ್ಲ, ಅದಕ್ಕೇ ಈ ಕೋರ್ಸ್ ಆರಿಸಿಕೊಂಡೆ.

ಸಂಶೋಧನಾ ವಿಧಾನ, ಅದರೊಳಗೆ ಸಂಖ್ಯಾಶಾಸ್ತ್ರ ಕಾದಿದೆ. ಈಗಲೇ ಸರಾಸರಿ, ಶೇಕಡಾ ಕಲಿತುಕೊಳ್ಳಿ.

ಪ್ರಶ್ನೆ: ಕೆಲಸ ಬಿಡುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಓದಿದರೆ ನಡೆಯುತ್ತದೆಯೇ? ಮುಂದೆ ಅಮೆರಿಕಕ್ಕೆ ಹೋಗುವ ಆಲೋಚನೆಯೂ ಇದೆ.

ತರಗತಿ ಆನ್‌ಲೈನ್ ಆಗಬಹುದು, ಕ್ಷೇತ್ರಕಾರ್ಯ ಆಗುವುದಿಲ್ಲ. ಶುಲ್ಕ ಕಟ್ಟುವ ಮುನ್ನವೇ ಕೇಳಿ: ಒಟ್ಟು ಎಷ್ಟು ಗಂಟೆ, ಸಂಸ್ಥೆಯನ್ನು ಅವರು ಹುಡುಕಿಕೊಡುತ್ತಾರೋ ನೀವೇ ಹುಡುಕಬೇಕೋ, ಮೇಲ್ವಿಚಾರಕರ ಅರ್ಹತೆ ಏನು, ನೀವು ಕೆಲಸ ಮಾಡುವ ಕಚೇರಿಯನ್ನೇ ಒಪ್ಪುತ್ತಾರೆಯೇ, ಸಂಜೆ ಮತ್ತು ವಾರಾಂತ್ಯ ನಡೆಯುತ್ತದೆಯೇ. ಸಂಜೆ ಐದಕ್ಕೆ ಬಾಗಿಲು ಹಾಕುವ ಸಂಸ್ಥೆಗಳೇ ಹೆಚ್ಚು. ಹೀಗಾಗಿ ಇಡೀ ದಿನದ ನೌಕರಿ ಇರುವವರು ಕೋರ್ಸನ್ನು ಅರ್ಧಕ್ಕೆ ಬಿಡುವುದು ಪರೀಕ್ಷೆಯ ಭಯಕ್ಕಲ್ಲ, ಈ ಗಂಟೆಗಳನ್ನು ಹೊಂದಿಸಲಾಗದೆ. ಅಮೆರಿಕದ ವಿಷಯಕ್ಕೆ ಬಂದರೆ, ಅಲ್ಲಿ ಈ ವೃತ್ತಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ, ಬಹುತೇಕ ರಾಜ್ಯಗಳು ಮೇಲೆ ಹೇಳಿದ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನ್ಯತೆ ಇರುವ ಪದವಿಯನ್ನೇ ಕೇಳುತ್ತವೆ. ಹೊರದೇಶದ ಪದವಿ ಅದಕ್ಕೆ ಸಮವೇ ಎಂದು ಪರಿಶೀಲಿಸುವ ವ್ಯವಸ್ಥೆ ಆ ಮಂಡಳಿಯಲ್ಲೇ ಇದೆ. ಅದಕ್ಕೆ ಕ್ಷೇತ್ರಕಾರ್ಯದ ದಾಖಲೆ ಬೇಕಾಗುತ್ತದೆ. ಗಂಟೆಗಳ ಲೆಕ್ಕ ಮತ್ತು ಮೇಲ್ವಿಚಾರಕರ ಸಹಿ ಇರುವ ಹಾಳೆಗಳನ್ನು ಮೊದಲ ವಾರದಿಂದಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಆ ಸಹಿ ಹಾಕಿದವರನ್ನು ಹುಡುಕಿಕೊಂಡು ಹೋಗುವ ಕಷ್ಟ ಬೇಡ.