ಹಳೆಯ ದೀಪದ ಗೂಡಿಗೆ ಎಲ್‌ಇಡಿ ಬಲ್ಬು ಹಾಕಿದರೆ ಸಾಕೇ?

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳು ದಡ ಸೇರಿ ದುರಸ್ತಿ ಆರಂಭವಾಗುತ್ತಿದ್ದಂತೆ, ಮಾಜಾಳಿಯಿಂದ ಭಟ್ಕಳದವರೆಗಿನ ಓದುಗರು ನ್ಯಾವಿಗೇಶನ್ ದೀಪಗಳ ಬಗ್ಗೆ ಪ್ರತಿವರ್ಷ ಕೇಳಿದ್ದನ್ನೇ ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಸಲ ಒಟ್ಟಾಗಿ ಬರೆಯುತ್ತಿದ್ದೇನೆ. 12 ವೋಲ್ಟಿನ ಬ್ಯಾಟರಿಗೆ ಯಾವ ದೀಪ, ಪ್ಲಸ್ ಯಾವುದು ಮೈನಸ್ ಯಾವುದು ಎಂಬಂಥ ಸಂಗತಿಗಳನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮದು ಒಂಬತ್ತೂವರೆ ಮೀಟರ್ ಉದ್ದದ ಗಿಲ್‌ನೆಟ್ ಬೋಟ್. ಕೆಂಪು ಮತ್ತು ಹಸಿರು ದೀಪಗಳ ಹಳೆಯ ಗೂಡುಗಳು ಗಟ್ಟಿಯಾಗಿಯೇ ಇವೆ. ವಾಹನಗಳ ಬಿಡಿಭಾಗದ ಅಂಗಡಿಯವರು ಅದೇ ಹೋಲ್ಡರಿಗೆ ಕೂರುವ ಬಿಳಿ ಎಲ್‌ಇಡಿ ಬಲ್ಬು ಕೊಟ್ಟು, ಮೊದಲಿಗಿಂತ ಹೆಚ್ಚು ಪ್ರಕಾಶ ಬರುತ್ತದೆ, ಬೇರೇನೂ ಬೇಡ ಎಂದಿದ್ದಾರೆ. ಇಷ್ಟು ಸಾಕೇ? (ತದಡಿಯ ಓದುಗರು)

ಉತ್ತರ: ಸಾಲದು. ಆ ಬಲ್ಬುಗಳನ್ನು ತೆಗೆದುಬಿಡಿ. ಸರಿಯಾದ ದೀಪ ಸಿಗುವವರೆಗೆ ಹಳೆಯ ತಂತಿ ಬಲ್ಬುಗಳನ್ನೇ ಮತ್ತೆ ಹಾಕಿಕೊಳ್ಳಿ. ನ್ಯಾವಿಗೇಶನ್ ದೀಪ ಇರುವುದೇ ನಿಮ್ಮ ದೋಣಿಯ ಮೂತಿ ಯಾವ ಕಡೆಗಿದೆ ಎಂಬುದನ್ನು ಕತ್ತಲಲ್ಲಿ ಬರುತ್ತಿರುವ ಇನ್ನೊಬ್ಬ ತಾಂಡೇಲನಿಗೆ (ಬೋಟು ನಡೆಸುವವನಿಗೆ) ತಿಳಿಸಲಿಕ್ಕೆ. ಹಾಗಾಗಿ ಅದರ ಬಣ್ಣವೂ ಅದು ಕಾಣುವ ಕೋನವೂ ಪ್ರಕಾಶದಷ್ಟೇ ಮುಖ್ಯ. ನಿಮಗೆ ಬಲ್ಬು ಮಾರಿದವರು ಈ ಎರಡನ್ನೂ ಕೆಡಿಸಿ, ಪ್ರಕಾಶವೊಂದನ್ನೇ ತೋರಿಸಿ ಹಣ ಪಡೆದಿದ್ದಾರೆ.

ಮೊದಲು ಬಣ್ಣದ ವಿಷಯ. ಬಿಳಿ ಎಲ್‌ಇಡಿ ನಿಜವಾಗಿ ನೀಲಿ ಬೆಳಕಿನ ಚಿಪ್. ಅದರ ಮೇಲಿನ ಹಳದಿ ಲೇಪದಿಂದ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಅದರಲ್ಲಿ ಕೆಂಪಿನ ಅಂಶ ಬಹಳ ಕಡಿಮೆ. ಕೆಂಪು ಗಾಜು ಕೆಂಪನ್ನು ಮಾತ್ರ ಹೊರಗೆ ಬಿಡುವುದರಿಂದ, ಒಳಗೆ ಕಣ್ಣು ಕುಕ್ಕುವಷ್ಟು ಬೆಳಕಿದ್ದರೂ ಹೊರಗೆ ಬರುವುದು ಸ್ವಲ್ಪವೇ. ಹಸಿರು ಗಾಜಿನ ಸಮಸ್ಯೆ ಬೇರೆ. ತಂತಿ ಬಲ್ಬಿನ ಹಳದಿ ಬೆಳಕು ಹಾದುಹೋದಾಗ ಶುದ್ಧ ಹಸಿರು ಕಾಣಲೆಂದು ಆ ಗಾಜಿಗೆ ತುಸು ನೀಲಿ ಛಾಯೆ ಕೊಟ್ಟಿರುತ್ತಾರೆ. ಅದೇ ಗಾಜಿನ ಹಿಂದೆ ತಣ್ಣನೆಯ ಬಿಳಿ ಎಲ್‌ಇಡಿ ಇಟ್ಟರೆ ದೂರಕ್ಕೆ ನೀಲಿಯಂತೆಯೋ ಮಾಸಿದ ಬಿಳಿಯಂತೆಯೋ ಕಾಣುತ್ತದೆ. ಬಿಳಿ ಬಲ್ಬಿಗೆ ಉಗುರುಬಣ್ಣ ಬಳಿದು ಕೆಂಪು ಮಾಡಿಕೊಡುವವರೂ ಇದ್ದಾರೆ. ಅಂಥವರ ಕೈಗೆ ದೋಣಿ ಕೊಡಲೇಬೇಡಿ.

ಕೋನದ ವಿಷಯ ಇನ್ನೂ ಗಂಭೀರ. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಎಡಗಡೆಯ ಕೆಂಪು ದೀಪವೂ ಬಲಗಡೆಯ ಹಸಿರು ದೀಪವೂ ಮೂತಿಯ ನೇರದಿಂದ ತಂತಮ್ಮ ಬದಿಗೆ 112.5 ಡಿಗ್ರಿಯವರೆಗೆ ಮಾತ್ರ ಕಾಣಬೇಕು. ಮುಂದುಗಡೆ ಮೂತಿಯ ನೇರದ ಗೆರೆ ದಾಟಿ ಇನ್ನೊಂದು ಬದಿಗೆ ಸೋರುವ ಬೆಳಕು ಒಂದರಿಂದ ಮೂರು ಡಿಗ್ರಿಯೊಳಗೆ ನಿಂತುಹೋಗಬೇಕು. ಹಳೆಯ ಬಲ್ಬಿನೊಳಗಿನ ತಂತಿ ನೆಟ್ಟಗೆ ನಿಂತ ಒಂದು ಸಣ್ಣ ಗೆರೆ. ಆ ಸಣ್ಣತನವನ್ನು ಲೆಕ್ಕಹಾಕಿಯೇ ಗೂಡಿನ ತಡೆಯನ್ನೂ ಗಾಜಿನ ಬಾಗನ್ನೂ ಮಾಡಿರುತ್ತಾರೆ. ನೀವು ಹಾಕಿರುವ ಬಲ್ಬಿನಲ್ಲಿ ಜೋಳದ ತೆನೆಯ ಕಾಳುಗಳಂತೆ ಸುತ್ತಲೂ ಚಿಪ್‌ಗಳಿದ್ದು, ಬೆಳಕು ಅಗಲವಾದ ಮೈಯಿಂದ ಹೊರಡುತ್ತದೆ. ಆದ್ದರಿಂದ ತಡೆಯ ಅಂಚಿನಲ್ಲಿ ಬೆಳಕು ಚಕ್ಕನೆ ಕಡಿಯದೆ ಹರಡಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಕಾರವಾರದ ಕಾಳಿ ನದಿಯ ಅಳಿವೆಯಲ್ಲಿ ಊಹಿಸಿಕೊಳ್ಳಿ. ನಿಮ್ಮ ಮೂತಿ ಓರೆಯಾಗಿರುವಾಗಲೂ ಎದುರಿನ ಬೋಟಿಗೆ ಕೆಂಪು, ಹಸಿರು ಎರಡೂ ಕಂಡರೆ, ಮುಖಾಮುಖಿಯಾಗಿ ಬರುತ್ತಿದ್ದೀರಿ ಎಂದು ಭಾವಿಸಿ ಅವನು ನಿಯಮದಂತೆ ಬಲಕ್ಕೆ ತಿರುಗುತ್ತಾನೆ. ಅವನು ಮಾಡಿದ್ದು ಸರಿಯೇ. ತಪ್ಪು ಹೇಳಿದ್ದು ನಿಮ್ಮ ದೀಪ. ನೌಕಾನೆಲೆಯ ಹಡಗುಗಳು, ಬಂದರಿಗೆ ಬರುವ ಸರಕು ಹಡಗುಗಳು, ಬೈತಖೋಲದಿಂದ ಹೊರಡುವ ಟ್ರಾಲರುಗಳು ಎಲ್ಲವೂ ಓಡಾಡುವ ನೀರಿನಲ್ಲಿ ಇಂಥ ತಪ್ಪಿಗೆ ಅವಕಾಶ ಕೊಡಬಾರದು.

ಆದುದರಿಂದ ಬಲ್ಬು ಬದಲಿಸಬೇಡಿ, ದೀಪವನ್ನೇ ಪೂರ್ತಿ ಬದಲಿಸಿ. ಎಲ್‌ಇಡಿ, ಲೆನ್ಸ್, ಗೂಡು ಎಲ್ಲವೂ ಒಂದಾಗಿ ಬೆಸೆದು ಬರುವ, ಈ ನಿಯಮಗಳಿಗೆ ತಕ್ಕಂತೆ ಪರೀಕ್ಷಿಸಿದ ಪ್ರಮಾಣಪತ್ರವಿರುವ ದೀಪ ಕೊಳ್ಳಿ. ಗೂಡು ತಯಾರಿಸಿದವರೇ ಅದೇ ಮಾದರಿಗೆಂದು ಪ್ರಮಾಣೀಕರಿಸಿದ ಎಲ್‌ಇಡಿ ಬಲ್ಬು ಇದ್ದರೆ ಮಾತ್ರ ಹಳೆಯ ಗೂಡು ಉಳಿಸಿಕೊಳ್ಳಬಹುದು. 12 ಮೀಟರಿಗಿಂತ ಚಿಕ್ಕ ನಿಮ್ಮ ಬೋಟಿಗೆ ಕೆಂಪು ಮತ್ತು ಹಸಿರು ದೀಪಗಳು ಒಂದು ನಾಟಿಕಲ್ ಮೈಲಿಗೂ, ಸುತ್ತಲೂ ಕಾಣುವ ಬಿಳಿ ದೀಪ ಎರಡು ಮೈಲಿಗೂ ಕಾಣಿಸಬೇಕು. ಬಲೆ ಬಿಟ್ಟಿರುವಾಗ ಸುತ್ತಲೂ ಕಾಣುವ ಕೆಂಪು ದೀಪ ಮೇಲೆ, ಅದರ ಕೆಳಗೆ ಬಿಳಿ ದೀಪ ಇರಬೇಕು. ಬಲೆ 150 ಮೀಟರಿಗಿಂತ ಆಚೆ ಚಾಚಿದ್ದರೆ ಆ ದಿಕ್ಕಿಗೆ ಇನ್ನೊಂದು ಬಿಳಿ ದೀಪ ಬೇಕು. ಗಿಲ್‌ನೆಟ್ ಬೋಟುಗಳಲ್ಲಿ ಈ ಕೊನೆಯ ದೀಪವನ್ನು ನಾನು ಕಾಣುವುದೇ ಅಪರೂಪ.

ಅಗ್ಗದ ಎಲ್‌ಇಡಿಗಳಿಗೆ ಇನ್ನೊಂದು ದೋಷವಿದೆ. ಅವುಗಳೊಳಗೆ ವೋಲ್ಟೇಜು ಹೊಂದಿಸುವ ಸರ್ಕ್ಯೂಟು ರೇಡಿಯೊ ಗದ್ದಲ ಹೊರಡಿಸಿ ವಿಎಚ್‌ಎಫ್ (ಬೋಟುಗಳು ಮಾತಾಡಿಕೊಳ್ಳುವ ರೇಡಿಯೊ) ಮತ್ತು ಎಐಎಸ್ (ಹಡಗುಗಳ ಗುರುತು, ಸ್ಥಾನ ತಿಳಿಸುವ ಸಾಧನ) ಎರಡನ್ನೂ ಕಿವುಡಾಗಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಈ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. ಪರೀಕ್ಷೆ ಸುಲಭ. ದೀಪಗಳನ್ನೆಲ್ಲ ಆರಿಸಿ, ಮಾತುಕತೆಯಿಲ್ಲದ ಚಾನೆಲ್ಲಿಗೆ ಸೆಟ್ ತಿರುಗಿಸಿ, ರೇಡಿಯೊದ ಗದ್ದಲ ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಸೊರ್ ಎಂಬ ಸದ್ದು ಬರುವವರೆಗೆ ಬಿಚ್ಚಿ, ಆ ಸದ್ದು ನಿಲ್ಲುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಈಗ ಒಂದೊಂದೇ ದೀಪ ಹಚ್ಚಿ. ಯಾವ ದೀಪ ಹಚ್ಚಿದಾಗ ಸದ್ದು ಮರಳುತ್ತದೆಯೋ ಅದನ್ನು ಅಂಗಡಿಗೆ ಹಿಂತಿರುಗಿಸಿ. ಚಾನೆಲ್ 16ರಲ್ಲಿ ಬರುವ ಅಪಾಯದ ಕರೆ ಕೇಳದಂತೆ ಮಾಡುವ ದೀಪ ಬೋಟಿನಲ್ಲಿ ಇರಕೂಡದು.

ಎಲ್‌ಇಡಿಯಿಂದ ಬ್ಯಾಟರಿ ಉಳಿಯುತ್ತದೆ ಎನ್ನುವ ಮಾತು ಮಾತ್ರ ನಿಜ. 25 ವಾಟಿನ ಮೂರು ಬಲ್ಬು ಹತ್ತು ಗಂಟೆ ಉರಿದರೆ 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 62 ಆಂಪಿಯರ್-ಅವರ್ ಹೋಗುತ್ತದೆ. ಎರಡು ವಾಟಿನ ಮೂರು ಎಲ್‌ಇಡಿಗಳಿಗೆ ಐದು ಸಾಕು. ಆದರೆ ಹಸಿರು ಕಿಲುಬು ಹಿಡಿದ ಹಳೆಯ ವೈರಿಗೇ ಹೊಸ ದೀಪ ಜೋಡಿಸಿ, ಮೇಲೆ ಇನ್ಸುಲೇಶನ್ ಟೇಪು ಸುತ್ತಿದರೆ ಒಂದೇ ಮಳೆಗಾಲದಲ್ಲಿ ಕೆಲಸ ಹಾಳಾಗುತ್ತದೆ. ತವರ ಲೇಪಿಸಿದ ತಾಮ್ರದ ವೈರು, ಒಳಮೈಗೆ ಅಂಟು ಸವರಿದ, ಬಿಸಿ ತಾಗಿದರೆ ಕುಗ್ಗಿ ವೈರನ್ನು ಬಿಗಿಹಿಡಿಯುವ ಹೀಟ್‌ಶ್ರಿಂಕ್ ಕೊಳವೆ, ಪ್ರತಿ ದೀಪಕ್ಕೂ ಬೇರೆ ಫ್ಯೂಸು: ಇವುಗಳಲ್ಲಿ ಯಾವುದನ್ನೂ ನಾನು ಬಿಟ್ಟುಕೊಡುವುದಿಲ್ಲ.

ಬೋಟು ದಡದಲ್ಲಿರುವಾಗಲೇ ಕೋನವನ್ನೂ ಪರೀಕ್ಷಿಸಿಕೊಳ್ಳಿ. ಒಂದು ದೀಪದ ನೇರ ಮುಂದಕ್ಕೆ, ಬೋಟಿನ ಉದ್ದಕ್ಕೆ ಸಮಾನಾಂತರವಾಗಿ, ಹತ್ತು ಮೀಟರ್ ಹಗ್ಗ ಎಳೆದು ರಾತ್ರಿ ಅದರ ತುದಿಯಲ್ಲಿ ನಿಲ್ಲಿ. ಅಲ್ಲಿಂದ ಎದುರು ಬದಿಗೆ ಅಡ್ಡವಾಗಿ ಸರಿಯುತ್ತ ಹೋದರೆ ಅರ್ಧ ಮೀಟರಿನೊಳಗೆ ಆ ದೀಪ ಮರೆಯಾಗಬೇಕು. ಮೂರು ಡಿಗ್ರಿ ಎಂದರೆ ಅಷ್ಟೇ ದೂರ. ದೀಪ ಕೂರಿಸಿದ ದಿನಾಂಕವನ್ನೂ ಬರೆದಿಡಿ. ತಂತಿ ಬಲ್ಬು ಸುಟ್ಟರೆ ಒಮ್ಮೆಲೇ ಗೊತ್ತಾಗುತ್ತದೆ, ಎಲ್‌ಇಡಿ ಮಾತ್ರ ಅಷ್ಟೇ ಕರೆಂಟು ಎಳೆಯುತ್ತಲೇ ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ.

ಪ್ರಶ್ನೆ: ಎಲ್‌ಇಡಿ ನಿಷೇಧವಾಗಿದೆಯಲ್ಲ, ಅಧಿಕಾರಿಗಳು ಹಿಡಿಯುವುದಿಲ್ಲವೇ? (ಹೊನ್ನಾವರ)

ಉತ್ತರ: 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ಪ್ರಖರ ಬೆಳಕಿನಿಂದ ಮೀನನ್ನು ಸೆಳೆದು ಹಿಡಿಯುವುದನ್ನು, ನ್ಯಾವಿಗೇಶನ್ ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ದೂರದಿಂದ ಕಾಣಲೆಂದು ಕ್ಯಾಬಿನ್ ಸುತ್ತ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ಹಾಕಿದ್ದೇವೆ. ಒಳ್ಳೆಯದಲ್ಲವೇ? (ಭಟ್ಕಳ)

ಉತ್ತರ: ಅಲ್ಲ. ನ್ಯಾವಿಗೇಶನ್ ದೀಪವೆಂದು ತಪ್ಪು ತಿಳಿಯುವಂತೆ ಮಾಡುವ ಅಥವಾ ಅದನ್ನು ಮರೆಮಾಚುವ ಯಾವ ಬೆಳಕನ್ನೂ ತೋರಿಸಬಾರದೆಂದು ಮೇಲೆ ಹೇಳಿದ 1972ರ ನಿಯಮಗಳಲ್ಲಿ 20ನೆಯದು ಹೇಳುತ್ತದೆ. ಚುಕ್ಕಾಣಿ ಹಿಡಿದವನ ಕಣ್ಣಿಗೂ ಆ ಪಟ್ಟಿ ಕತ್ತಲೆ ಕವಿಸುತ್ತದೆ. ಇಂದೇ ಕಿತ್ತುಹಾಕಿ.

ಪ್ರಶ್ನೆ: ಮೂರೂ ಬಣ್ಣ ಒಂದರಲ್ಲೇ ಇರುವ ದೀಪವನ್ನು ಕಂಬದ ತುದಿಗೆ ಹಾಕಬಹುದೇ? (ಕಾರವಾರ)

ಉತ್ತರ: ಅದು 20 ಮೀಟರಿಗಿಂತ ಚಿಕ್ಕದಾದ, ಹಾಯಿಯಿಂದ ಸಾಗುವ ದೋಣಿಗೆ ಮಾತ್ರ.

ಪ್ರಶ್ನೆ: ನಮ್ಮದು ಆರು ಮೀಟರಿನ ನಾಡದೋಣಿ, ಔಟ್‌ಬೋರ್ಡ್ ಇಂಜಿನ್ ಇದೆ. ಒಂದೇ ಬಿಳಿ ದೀಪ ಸಾಲದೇ? (ಅಂಕೋಲಾ)

ಉತ್ತರ: ದೋಣಿ ಏಳು ಮೀಟರಿಗಿಂತ ಚಿಕ್ಕದಿದ್ದು, ಅದರ ಗರಿಷ್ಠ ವೇಗ ಏಳು ನಾಟ್, ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರ್ ಮೀರದಿದ್ದರೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು. ಸಾಮಾನ್ಯ ಔಟ್‌ಬೋರ್ಡ್ ಇಂಜಿನ್ ಖಾಲಿ ದೋಣಿಯನ್ನು ಅದಕ್ಕಿಂತ ವೇಗವಾಗಿ ಒಯ್ಯುತ್ತದೆ. ಹಾಗಿದ್ದಲ್ಲಿ ಕೆಂಪು ಮತ್ತು ಹಸಿರು ದೀಪಗಳೂ ಬೇಕೇ ಬೇಕು. ಬಿಳಿ ದೀಪವನ್ನು ಕೋಲಿಗೆ ಕಟ್ಟುವಾಗ, ನಿಂತ ಮನುಷ್ಯನ ತಲೆ ಅದಕ್ಕೆ ಅಡ್ಡ ಬಾರದಷ್ಟು ಎತ್ತರಕ್ಕೆ ಕಟ್ಟಿ.